ಹೊಗೆಗೆ ಬೆಲೆ ಕಟ್ಟಿದಾಗ

(ಉಪನ್ಯಾಸವೊಂದರ ಬರಹ ರೂಪ)

ಸಮುದ್ರದ ಎಣ್ಣೆ ಬಾವಿ ಎಂದಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ನೀರಿನ ನಡುವೆ ದಪ್ಪ ಕಾಲುಗಳ ಮೇಲೆ ನಿಂತ ಒಂದು ದೊಡ್ಡ ಅಟ್ಟ. ಅದರ ಒಂದು ಮೂಲೆಯಿಂದ ಆಚೆಗೆ ಚಾಚಿದ ಉದ್ದನೆಯ ಕೊಳವೆ. ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಉರಿಯುವ ಬೆಂಕಿ. ಪಠ್ಯಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ಅಂಚೆಚೀಟಿಯಲ್ಲಿ ಈ ಬೆಂಕಿಯನ್ನು ಸಮೃದ್ಧಿಯ ಗುರುತಾಗಿ ನೋಡಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಆ ಬೆಂಕಿ ಏಕೆ ಉರಿಯುತ್ತದೆ ಎಂದು ಕೇಳುವವರು ಕಡಿಮೆ.

ನೆಲದಾಳದಿಂದ ಕಚ್ಚಾ ತೈಲ ಒಂಟಿಯಾಗಿ ಮೇಲೆ ಬರುವುದಿಲ್ಲ. ಜೊತೆಗೆ ಅನಿಲವನ್ನೂ ತರುತ್ತದೆ. ತೈಲವನ್ನು ಹಡಗಿಗೆ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಅನಿಲ ಹಾಗಲ್ಲ, ಅದಕ್ಕೆ ಕೊಳವೆ ಮಾರ್ಗ ಬೇಕು, ಒತ್ತಡ ಹಾಕುವ ಯಂತ್ರ ಬೇಕು, ಆ ತುದಿಯಲ್ಲಿ ಕೊಳ್ಳುವವನು ಬೇಕು. ಇಷ್ಟೆಲ್ಲ ಖರ್ಚು ಏಕೆಂದು ಕಂಪನಿಗಳು ಅನಿಲವನ್ನು ಭತ್ತದ ಹೊಟ್ಟಿನಂತೆ ಕಂಡವು. ರೈತ ಹೊಟ್ಟನ್ನಾದರೂ ದನಕ್ಕೆ ಹಾಕುತ್ತಾನೆ, ಒಲೆಗೆ ಒಡ್ಡುತ್ತಾನೆ. ಇವರು ಅಲ್ಲೇ ಬೆಂಕಿ ಹಚ್ಚಿದರು. ವಿಶ್ವಬ್ಯಾಂಕಿನ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತಿನ ತೈಲಬಾವಿಗಳಲ್ಲಿ ಹೀಗೆ ಸುಟ್ಟು ಹೋದ ಅನಿಲ ಸುಮಾರು 15,100 ಕೋಟಿ ಘನ ಮೀಟರ್.

ಇದು ಒಂದು ಬಗೆಯ ಹೊಗೆ. ಇನ್ನೂ ಎರಡು ಬಗೆಗಳಿವೆ. ಸಮುದ್ರದ ಮೇಲಿನ ಅಟ್ಟವೆಂದರೆ ಒಂದು ಪುಟ್ಟ ಕೈಗಾರಿಕಾ ಪಟ್ಟಣ. ಪಂಪು ನಡೆಯಬೇಕು, ಕೊರೆಯುವ ಯಂತ್ರ ತಿರುಗಬೇಕು, ದೀಪ ಉರಿಯಬೇಕು. ಅದಕ್ಕಾಗಿ ಅಲ್ಲಿಯೇ ಗ್ಯಾಸ್ ಟರ್ಬೈನುಗಳು ಓಡುತ್ತವೆ, ಹೊಗೆ ಕಾರುತ್ತವೆ. ಮೂರನೆಯದು, ಕೆಲವು ಕಡೆ ನೆಲದೊಳಗಿನ ಅನಿಲದಲ್ಲೇ ಇಂಗಾಲದ ಡೈ ಆಕ್ಸೈಡ್ ಬೆರೆತಿರುತ್ತದೆ. ಅದನ್ನು ಬೇರ್ಪಡಿಸದೆ ಅನಿಲವನ್ನು ಮಾರಲಾಗದು, ಬೇರ್ಪಡಿಸಿದ್ದನ್ನು ಗಾಳಿಗೆ ಬಿಡುವುದೇ ರೂಢಿ. ನಮ್ಮ ಸ್ಕೂಟರಿಗೆ ಒಂದು ಹನಿ ಪೆಟ್ರೋಲ್ ಬೀಳುವ ಎಷ್ಟೋ ಮೊದಲೇ, ಅದನ್ನು ಮೇಲೆತ್ತುವ ಕೆಲಸದಲ್ಲೇ ಇಷ್ಟು ಹೊಗೆ ಎದ್ದಿರುತ್ತದೆ.

ಈ ಹೊಗೆಯನ್ನು ತಗ್ಗಿಸುವ ತಂತ್ರಜ್ಞಾನ ಇದೆಯೆ? ಬಹುಪಾಲು ಇದೆ, ಬಹಳ ಕಾಲದಿಂದಲೂ ಇದೆ. ಹಾಗಾದರೆ ಕಂಪನಿಗಳು ಅದನ್ನು ಯಾವಾಗ ಕೈಗೆತ್ತಿಕೊಳ್ಳುತ್ತವೆ? ಇಂದು ನಾನು ಮಾತಾಡಬೇಕೆಂದಿರುವುದು ಈ ಪ್ರಶ್ನೆಯನ್ನು ಕುರಿತು. ಅದಕ್ಕೆ ಉತ್ತರ ಹುಡುಕಲು ಎರಡು ದೇಶಗಳ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಒಂದು ನಾರ್ವೆ, ಇನ್ನೊಂದು ನೈಜೀರಿಯಾ.

ಜಲಪಾತದಿಂದ ಕಲಿತ ಪಾಠ

ನಾರ್ವೆ ಯೂರೋಪಿನ ಉತ್ತರ ತುದಿಯ ಸಣ್ಣ ದೇಶ. ಅದರ ಜನಸಂಖ್ಯೆ ಇವತ್ತಿಗೂ ಬೆಂಗಳೂರಿನ ಜನಸಂಖ್ಯೆಯ ಅರ್ಧದಷ್ಟಿಲ್ಲ. ಎಣ್ಣೆ ಸಿಗುವ ಮೊದಲು ಮೀನು, ಮರ, ಹಡಗುಗಳೇ ಅದರ ಜೀವನಾಧಾರ. ಜೊತೆಗೆ ಬೆಟ್ಟಗಳಿಂದ ಧುಮುಕುವ ನೀರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದೇಶಿ ಬಂಡವಾಳಗಾರರು ಈ ಜಲಪಾತಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಗಾಬರಿಗೊಂಡ ಸಂಸತ್ತು 1906ರಿಂದ 1917ರವರೆಗೆ ಸಾಲಾಗಿ ಕಾನೂನುಗಳನ್ನು ಮಾಡಿತು. ಖಾಸಗಿಯವರು ಪರವಾನಗಿ ಪಡೆದು ವಿದ್ಯುತ್ ತಯಾರಿಸಬಹುದು, ಅವಧಿ ಮುಗಿದ ಮೇಲೆ ಜಲಪಾತವೂ ಯಂತ್ರಾಗಾರವೂ ಸರ್ಕಾರಕ್ಕೆ ಸೇರಬೇಕು ಎಂಬುದು ಅವುಗಳ ತಿರುಳು. ಪ್ರಕೃತಿಯ ಸಂಪತ್ತು ಜನರದ್ದು, ಉಪಯೋಗಿಸುವವನು ಬರೀ ಒಕ್ಕಲು ಎಂಬ ಭಾವನೆ ಅಲ್ಲಿ ಬೇರೂರಿದ್ದು ಹೀಗೆ.

1963ರಲ್ಲಿ ನಾರ್ವೆ ತನ್ನ ಕರಾವಳಿಯಾಚೆಯ ಸಮುದ್ರತಳದ ಮೇಲೆ ಒಡೆತನ ಘೋಷಿಸಿತು. 1969ರ ಕೊನೆಯಲ್ಲಿ, ಹುಡುಕಾಟವೇ ಸಾಕೆಂಬ ನಿರಾಶೆ ಕವಿದಿದ್ದಾಗ, ಅಮೆರಿಕದ ಫಿಲಿಪ್ಸ್ ಕಂಪನಿಗೆ ಎಕೋಫಿಸ್ಕ್ ಎಂಬಲ್ಲಿ ಭಾರಿ ತೈಲ ನಿಕ್ಷೇಪ ಸಿಕ್ಕಿತು.

ಇಲ್ಲಿ ಒಬ್ಬ ಕುತೂಹಲಕರ ವ್ಯಕ್ತಿಯ ಪ್ರವೇಶವಾಗುತ್ತದೆ. ಫಾರೂಕ್ ಅಲ್ ಕಾಸಿಂ ಇರಾಕಿನ ಬಸ್ರಾದವರು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ, ತಮ್ಮ ದೇಶದ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಪತ್ನಿ ನಾರ್ವೆಯವರು. ಮಗನ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಬೇಕೆಂದು ಈ ಕುಟುಂಬ 1968ರಲ್ಲಿ ನಾರ್ವೆಗೆ ಬಂದಿತು. ಕೆಲಸ ಕೇಳಿಕೊಂಡು ಕೈಗಾರಿಕಾ ಸಚಿವಾಲಯಕ್ಕೆ ಹೋದ ಫಾರೂಕ್, ಎಣ್ಣೆಯ ಅನುಭವವೇ ಇಲ್ಲದ ಆ ದೇಶಕ್ಕೆ ದೇವರು ಕಳುಹಿಸಿದಂಥ ಮನುಷ್ಯರಾದರು. ಕಂಪನಿ ಬೇರೆ, ಕಂಪನಿಯ ಮೇಲೆ ಕಣ್ಣಿಡುವ ಇಲಾಖೆ ಬೇರೆ ಇರಬೇಕೆಂಬ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. 1972ರಲ್ಲಿ ಸರ್ಕಾರಿ ಕಂಪನಿ ಸ್ಟಾಟ್‌ಆಯಿಲ್ ಹಾಗೂ ಪೆಟ್ರೋಲಿಯಂ ನಿರ್ದೇಶನಾಲಯ, ಎರಡೂ ಹುಟ್ಟಿಕೊಂಡವು. ಆಟಗಾರನೇ ತೀರ್ಪುಗಾರನಾಗದಂತೆ ಮೊದಲ ದಿನವೇ ಎಚ್ಚರ ವಹಿಸಲಾಯಿತು.

ಅದಕ್ಕೂ ಒಂದು ವರ್ಷ ಮೊದಲು, 1971ರ ಜೂನ್ 14ರಂದು, ಸಂಸತ್ತಿನ ಕೈಗಾರಿಕಾ ಸಮಿತಿ ಹತ್ತು ಸೂತ್ರಗಳನ್ನು ಮುಂದಿಟ್ಟಿತು. ಬೈಬಲ್ಲಿನ ದಶಾಜ್ಞೆಗಳ ನೆನಪಿನಲ್ಲಿ ಜನ ಇವನ್ನು 'ಎಣ್ಣೆಯ ಹತ್ತು ಆಜ್ಞೆಗಳು' ಎಂದೇ ಕರೆಯುತ್ತಾರೆ. ಅದರಲ್ಲಿ ಐದನೆಯದು ನಮ್ಮ ವಿಷಯಕ್ಕೆ ಸೇರಿದ್ದು: ಅಲ್ಪಕಾಲದ ಪರೀಕ್ಷೆಯ ಹೊರತು, ಉಪಯೋಗಕ್ಕೆ ಬರುವ ಅನಿಲವನ್ನು ಸುಡುವುದಕ್ಕೆ ಒಪ್ಪಿಗೆಯಿಲ್ಲ. ಮರುದಿನವೇ, ಜೂನ್ 15ರಂದು, ಎಕೋಫಿಸ್ಕ್‌ನಲ್ಲಿ ತೈಲೋತ್ಪಾದನೆ ಆರಂಭವಾಯಿತು. ವಾತಾವರಣ ಬಿಸಿಯಾಗುತ್ತಿದೆ ಎಂಬ ಮಾತು ಆಗಿನ್ನೂ ರಾಜಕಾರಣದ ದೊಡ್ಡ ಚರ್ಚೆಯಾಗಿರಲಿಲ್ಲ. ಆಸ್ತಿಯನ್ನು ಸುಟ್ಟು ಹಾಳು ಮಾಡಬಾರದು ಎಂಬ ಗೃಹಸ್ಥನ ವಿವೇಕವಷ್ಟೇ ಆ ಆಜ್ಞೆಯ ಹಿಂದಿತ್ತು.

ಸುಡಬಾರದೆಂದರೆ ಅನಿಲವನ್ನು ಏನು ಮಾಡಬೇಕು? ನಾರ್ವೆಯ ದಡಕ್ಕೆ ಕೊಳವೆ ಹಾಕೋಣವೆಂದರೆ ನಡುವೆ ಆಳವಾದ ಸಮುದ್ರ ಕಂದಕ. ಕಂಪನಿಗಳಿಗೆ ಎರಡೇ ದಾರಿ ಉಳಿದವು. ಒಂದು, ಅನಿಲವನ್ನು ಒತ್ತಡ ಹಾಕಿ ಮತ್ತೆ ಬಾವಿಯೊಳಕ್ಕೆ ತಳ್ಳುವುದು. ಇನ್ನೊಂದು, ದೂರದ ದಡಕ್ಕೆ ಕೊಳವೆ ಎಳೆಯುವುದು. ಎರಡೂ ನಡೆದವು. 1977ರಲ್ಲಿ ಜರ್ಮನಿಯ ಎಮ್ಡನ್‌ವರೆಗೆ ಸುಮಾರು 440 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ ಸಿದ್ಧವಾಯಿತು.

ಗಮನಿಸಬೇಕಾದ ಸಂಗತಿ ಇದು. ಅನಿಲವನ್ನು ವಾಪಸ್ಸು ತಳ್ಳುವ ವಿದ್ಯೆ ಕೈಗೆ ಬಂದಮೇಲೆ ಅದರಿಂದ ಲಾಭವೂ ಇದೆಯೆಂದು ತಿಳಿಯಿತು. ಒಳಗಿನ ಒತ್ತಡ ಕುಗ್ಗದಿದ್ದರೆ ತೈಲ ಹೆಚ್ಚು ಹೊರಬರುತ್ತದೆ. ಓಸೆಬರ್ಗ್ ಎಂಬ ಕ್ಷೇತ್ರದಲ್ಲಂತೂ ತನ್ನ ಅನಿಲ ಸಾಲದೆಂದು, 1991ರಿಂದ ಪಕ್ಕದ ಟ್ರೋಲ್ ಕ್ಷೇತ್ರದ ಅನಿಲವನ್ನು ತರಿಸಿ ಒಳಗೆ ತುಂಬಿದರು. ಒಂದು ಕಾಲಕ್ಕೆ ಸುಡುವ ಕಸವಾಗಿದ್ದದ್ದು ದುಡ್ಡು ಕೊಟ್ಟು ತರಿಸುವ ಸರಕಾಯಿತು.

ಎರಡು ಕೋಬೋ ದಂಡ

ಈಗ ಆಫ್ರಿಕಾಕ್ಕೆ ಬರೋಣ. ನೈಜೀರಿಯಾದಲ್ಲಿ ತೈಲ ಸಿಕ್ಕಿದ್ದು ನಾರ್ವೆಗಿಂತ ಮೊದಲು. 1956ರಲ್ಲಿ, ನೈಜರ್ ನದಿಯ ಮುಖಜ ಭೂಮಿಯ ಒಲೋಯಿಬಿರಿ ಎಂಬ ಹಳ್ಳಿಯಲ್ಲಿ. ಅಲ್ಲಿನ ಬಾವಿಗಳು ಸಮುದ್ರದ ನಡುವೆ ಮಾತ್ರವಲ್ಲ, ಊರುಗಳ ನಡುವೆಯೂ ಇವೆ. ಗೆಣಸು ಬೆಳೆಯುವ ಹೊಲದ ಪಕ್ಕದಲ್ಲೇ ಅನಿಲ ಸುಡುವ ಕೊಳವೆಗಳು. ರಾತ್ರಿ ಕತ್ತಲೆಯೇ ಇಲ್ಲದ ಹಳ್ಳಿಗಳು. ಮಳೆನೀರು ಕಪ್ಪಾಗುತ್ತದೆ, ತಗಡಿನ ಮಾಡು ಬೇಗ ತುಕ್ಕು ಹಿಡಿಯುತ್ತದೆ ಎಂದು ಅಲ್ಲಿಯ ಜನ ದಶಕಗಳಿಂದ ದೂರುತ್ತಿದ್ದಾರೆ. ಅವರ ಪರವಾಗಿ ದನಿಯೆತ್ತಿದ ಒಗೋನಿ ಜನಾಂಗದ ಲೇಖಕ ಕೆನ್ ಸಾರೋ ವಿವಾ ಅವರನ್ನು ಅಲ್ಲಿನ ಮಿಲಿಟರಿ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಹಾಗೆಂದು ನೈಜೀರಿಯಾದಲ್ಲಿ ಕಾನೂನು ಇರಲಿಲ್ಲವೆಂದು ತಿಳಿಯಬೇಡಿ. 1979ರಲ್ಲೇ ಅನಿಲವನ್ನು ಮತ್ತೆ ನೆಲದೊಳಕ್ಕೆ ಸೇರಿಸಬೇಕೆಂಬ ಕಾಯಿದೆ ಬಂದಿತು. 1984ರ ಜನವರಿ 1ರ ನಂತರ ಮಂತ್ರಿಯ ಲಿಖಿತ ಅನುಮತಿ ಇಲ್ಲದೆ ಯಾರೂ ಅನಿಲ ಸುಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾಗದದ ಮೇಲೆ ನೋಡಿದರೆ ನಾರ್ವೆಯ ಐದನೆಯ ಆಜ್ಞೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ದಂಡದಲ್ಲಿ. ಅನುಮತಿ ಪಡೆದು ಸುಡುವವರು ಸಾವಿರ ಘನ ಅಡಿ ಅನಿಲಕ್ಕೆ ಎರಡು ಕೋಬೋ ಕಟ್ಟಿದರೆ ಸಾಕಿತ್ತು. ಕೋಬೋ ಎಂದರೆ ಅವರ ನಾಣ್ಯ ನೈರಾದ ನೂರರಲ್ಲೊಂದು ಭಾಗ, ನಮ್ಮ ಪೈಸೆಯ ಹಾಗೆ. 1990ರಲ್ಲಿ ಇದು ಐವತ್ತು ಕೋಬೋ ಆಯಿತು, 1998ರಲ್ಲಿ ಹತ್ತು ನೈರಾ ಆಯಿತು. ಅಷ್ಟರಲ್ಲಿ ನೈರಾದ ಬೆಲೆಯೇ ಪಾತಾಳಕ್ಕಿಳಿದಿತ್ತು.

ಒಬ್ಬ ಲೆಕ್ಕಿಗನ ಕಣ್ಣಿನಿಂದ ನೋಡಿ. ಒಂದು ಕಡೆ, ಅನಿಲ ಹಿಡಿದಿಡುವ ಯಂತ್ರಗಳಿಗೆ ಕೋಟಿಗಟ್ಟಲೆ ಡಾಲರ್. ಇನ್ನೊಂದು ಕಡೆ, ಚಿಲ್ಲರೆ ಕಾಸಿನ ದಂಡ. ಆತ ಯಾವುದನ್ನು ಆರಿಸಿಕೊಂಡಾನು? ದಂಡಂ ದಶಗುಣಂ ಎಂಬ ಮಾತು ನಮ್ಮಲ್ಲಿದೆ. ಈ ದಂಡಕ್ಕೆ ಹತ್ತು ಗುಣ ಹೋಗಲಿ, ಒಂದು ಗುಣವೂ ಇರಲಿಲ್ಲ. ಅದು ಸುಡುವುದಕ್ಕೆ ಕೊಟ್ಟ ರಹದಾರಿಯಂತಾಯಿತು. ಗಡುವಿನ ಮೇಲೆ ಗಡುವು ಕಳೆಯಿತು. 2005ರ ನವೆಂಬರ್‌ನಲ್ಲಿ ಬೆನಿನ್ ನಗರದ ಫೆಡರಲ್ ಹೈಕೋರ್ಟ್ ಅನಿಲ ಸುಡುವುದು ಜನರ ಬದುಕುವ ಹಕ್ಕಿಗೇ ವಿರುದ್ಧವೆಂದು ತೀರ್ಪು ಕೊಟ್ಟಿತು. ಆಮೇಲೂ ಬೆಂಕಿ ಉರಿಯಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಶತಮಾನದಲ್ಲಿ ನೈಜೀರಿಯಾದ ಬೆಂಕಿ ಸಾಕಷ್ಟು ತಗ್ಗಿದೆ. 1999ರಲ್ಲಿ ಬಾನಿ ದ್ವೀಪದಿಂದ ಅನಿಲವನ್ನು ದ್ರವವಾಗಿಸಿ ಹಡಗಿನಲ್ಲಿ ಕಳುಹಿಸುವ ಕಾರ್ಖಾನೆ ಶುರುವಾಯಿತು. ಅನಿಲಕ್ಕೆ ಕೊಳ್ಳುವವರು ಸಿಕ್ಕಿದ್ದೇ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. 2018ರಲ್ಲಿ ದೊಡ್ಡ ಉತ್ಪಾದಕರಿಗೆ ಸಾವಿರ ಘನ ಅಡಿಗೆ ಎರಡು ಡಾಲರ್ ದಂಡ ವಿಧಿಸುವ ಹೊಸ ನಿಯಮವೂ ಬಂದಿತು. ಆದರೂ ಅತಿ ಹೆಚ್ಚು ಅನಿಲ ಸುಡುವ ಮೊದಲ ಒಂಬತ್ತು ದೇಶಗಳ ಪಟ್ಟಿಯಿಂದ ಅದು 2024ರಲ್ಲೂ ಹೊರಬಂದಿರಲಿಲ್ಲ.

ಎಂಟು ಕಾಲಿನ ಕುದುರೆ

ಮತ್ತೆ ನಾರ್ವೆಗೆ. ಅನಿಲ ಸುಡುವುದನ್ನು ನಿಷೇಧಿಸಿದ್ದರಿಂದ ಮೊದಲನೆಯ ಬಗೆಯ ಹೊಗೆ ತಗ್ಗಿತು. ಟರ್ಬೈನಿನ ಹೊಗೆ, ಬೇರ್ಪಡಿಸಿದ ಇಂಗಾಲದ ಡೈ ಆಕ್ಸೈಡ್ ಹಾಗೆಯೇ ಉಳಿದವು. ಟರ್ಬೈನಿಲ್ಲದೆ ಬಾವಿ ನಡೆಯದು, ಆದ್ದರಿಂದ ಅದನ್ನು ನಿಷೇಧಿಸುವಂತಿರಲಿಲ್ಲ. 1987ರಲ್ಲಿ ವಿಶ್ವಸಂಸ್ಥೆಗೆ ಪರಿಸರ ಕುರಿತ ಪ್ರಸಿದ್ಧ ವರದಿಯನ್ನು ಕೊಟ್ಟ ಆಯೋಗದ ಅಧ್ಯಕ್ಷೆ, ನಾರ್ವೆಯ ಪ್ರಧಾನಿ ಗ್ರೂ ಹಾರ್ಲೆಮ್ ಬ್ರುಂಟ್‌ಲಾಂಡ್. ಭೂಮಿ ಬಿಸಿಯಾಗುವ ಚರ್ಚೆ ಆ ದೇಶದಲ್ಲಿ ಮನೆಮಾತಾಗಿತ್ತು. ಕೊನೆಗೆ ಸಂಸತ್ತು ಹೊಗೆಗೆ ಬೆಲೆ ಕಟ್ಟಿತು. 1991ರ ಜನವರಿ 1ರಿಂದ, ಸಮುದ್ರದಲ್ಲಿ ಸುಡುವ ಪ್ರತಿ ಘನ ಮೀಟರ್ ಅನಿಲಕ್ಕೆ 60 ಓರೆ, ಅಂದರೆ ಕ್ರೋನರಿನ ನೂರರಲ್ಲಿ ಅರವತ್ತು ಭಾಗ ತೆರಿಗೆ. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಈ ತೆರಿಗೆ ಒಂದು ಟನ್ ಇಂಗಾಲದ ಡೈ ಆಕ್ಸೈಡಿಗೆ ಸುಮಾರು 50 ಡಾಲರ್ ಆಗಿತ್ತು. ಇಂಥ ತೆರಿಗೆಯನ್ನು 1990ರಲ್ಲಿ ಮೊದಲು ತಂದದ್ದು ಫಿನ್ಲೆಂಡ್. ಆದರೆ ಎಣ್ಣೆಯಿಂದಲೇ ಬದುಕುವ ದೇಶವೊಂದು ತನ್ನ ಎಣ್ಣೆಯ ಮೇಲೆಯೇ ಇಂಥ ತೆರಿಗೆ ಹಾಕಿಕೊಂಡದ್ದು ದೊಡ್ಡ ಸಂಗತಿ.

ಈ ತೆರಿಗೆಯ ಪ್ರತಾಪ ನೋಡಬೇಕಾದರೆ ಸ್ಲೈಪ್ನರ್ ಎಂಬ ಅನಿಲ ಕ್ಷೇತ್ರಕ್ಕೆ ಹೋಗಬೇಕು. ನಾರ್ವೆಯವರು ತಮ್ಮ ಬಾವಿಗಳಿಗೆ ಪುರಾಣದ ಹೆಸರಿಡುತ್ತಾರೆ. ಸ್ಲೈಪ್ನರ್ ಎಂದರೆ ಅವರ ದೇವರಾಜ ಓದಿನನ ಎಂಟು ಕಾಲಿನ ಕುದುರೆ. ನೆಲ, ನೀರು, ಗಾಳಿ ಎಲ್ಲದರ ಮೇಲೂ ಓಡಬಲ್ಲದ್ದು. ಇಲ್ಲಿನ ಪಶ್ಚಿಮ ಭಾಗದ ಅನಿಲಕ್ಕೆ ಒಂದು ದೋಷವಿತ್ತು. ಅದರಲ್ಲಿ ನೂರಕ್ಕೆ ಒಂಬತ್ತರವರೆಗೆ ಇಂಗಾಲದ ಡೈ ಆಕ್ಸೈಡ್ ಬೆರೆತಿತ್ತು. ಯೂರೋಪಿನ ಗ್ರಾಹಕರಿಗೆ ಮಾರಬೇಕಾದರೆ ಅದು ಎರಡೂವರೆಗಿಂತ ಹೆಚ್ಚಿರಬಾರದು.

ಬೇರ್ಪಡಿಸುವ ಉಪಾಯ ಹೊಸದಲ್ಲ. ಅಮೈನ್ ಎಂಬ ದ್ರವಕ್ಕೆ ಇಂಗಾಲದ ಡೈ ಆಕ್ಸೈಡನ್ನು ಹಿಡಿದುಕೊಳ್ಳುವ ಗುಣವಿದೆ. ಎತ್ತರದ ಗೋಪುರದಲ್ಲಿ ಮೇಲಿನಿಂದ ಈ ದ್ರವ ಸುರಿಯುತ್ತದೆ, ಕೆಳಗಿನಿಂದ ಅನಿಲ ಏರುತ್ತದೆ. ಎರಡೂ ಸಂಧಿಸಿದಾಗ ಇಂಗಾಲದ ಡೈ ಆಕ್ಸೈಡ್ ದ್ರವದ ಪಾಲಾಗುತ್ತದೆ. ಆ ದ್ರವವನ್ನು ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಗೋಲಿ ಸೋಡಾ ಬಿಸಿಲಿಗಿಟ್ಟರೆ ಗ್ಯಾಸು ಬಿಡುವುದಿಲ್ಲವೆ, ಹೆಚ್ಚುಕಡಿಮೆ ಹಾಗೆಯೇ. ಈ ವಿಧಾನಕ್ಕೆ ಅಮೆರಿಕದಲ್ಲಿ 1930ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬೇರ್ಪಡಿಸಿದ ಅನಿಲವನ್ನು ನೆಲದೊಳಕ್ಕೆ ತಳ್ಳುವುದೂ ಹೊಸದಲ್ಲ. ಟೆಕ್ಸಾಸಿನಲ್ಲಿ ಹಳೆಯ ಬಾವಿಗಳಿಂದ ಉಳಿದ ಎಣ್ಣೆ ಹೊರಡಿಸಲು 1972ರಿಂದಲೇ ಹಾಗೆ ಮಾಡುತ್ತಿದ್ದರು. ಎಲ್ಲ ಬಿಡಿಭಾಗಗಳೂ ಜಗತ್ತಿನಲ್ಲಿದ್ದವು. ಅವನ್ನು ಒಟ್ಟಿಗೆ ಜೋಡಿಸುವುದಕ್ಕೆ ಕಾರಣ ಮಾತ್ರ ಇರಲಿಲ್ಲ.

ಆ ಕಾರಣವನ್ನು ತೆರಿಗೆ ಒದಗಿಸಿತು. ಸ್ಲೈಪ್ನರ್‌ನಲ್ಲಿ ಬೇರ್ಪಡುವ ಇಂಗಾಲದ ಡೈ ಆಕ್ಸೈಡ್ ವರ್ಷಕ್ಕೆ ಸುಮಾರು 10 ಲಕ್ಷ ಟನ್. ಗಾಳಿಗೆ ಬಿಟ್ಟರೆ ದಿನಕ್ಕೆ ಸುಮಾರು 10 ಲಕ್ಷ ಕ್ರೋನರ್ ತೆರಿಗೆ ಕಟ್ಟಬೇಕು. ವರ್ಷಕ್ಕೆ ಲೆಕ್ಕ ಹಾಕಿದರೆ ಇದು ಸರಿಸುಮಾರು 5 ಕೋಟಿ ಡಾಲರ್. ಒತ್ತಡ ಹಾಕಿ ಸಮುದ್ರತಳದ ಕೆಳಗೆ ಕಳುಹಿಸಲು ಬೇಕಾದ ಹೆಚ್ಚುವರಿ ಸಲಕರಣೆಗೆ ತಗಲಿದ ವೆಚ್ಚ 8 ಕೋಟಿ ಡಾಲರ್ ಆಸುಪಾಸು. ಎರಡು ವರ್ಷದ ತೆರಿಗೆಯಷ್ಟೂ ಅಲ್ಲ. ಮಂಡಿ ವ್ಯಾಪಾರಿಯ ಮಗನೂ ಬೆರಳ ಮೇಲೆ ಎಣಿಸಿ ಹೇಳಬಹುದಾದ ಲೆಕ್ಕವಿದು.

1996ರ ಶರತ್ಕಾಲದಲ್ಲಿ ಕೆಲಸ ಆರಂಭವಾಯಿತು. ಸಮುದ್ರತಳದಿಂದ ಸುಮಾರು 800ರಿಂದ 1000 ಮೀಟರ್ ಆಳದಲ್ಲಿ ಉಟ್ಸಿರಾ ಎಂಬ ಮರಳುಗಲ್ಲಿನ ಪದರವಿದೆ. ಸ್ಪಂಜಿನಂತೆ ರಂಧ್ರಗಳಿರುವ ಕಲ್ಲು. ರಂಧ್ರಗಳ ತುಂಬ ಉಪ್ಪುನೀರು. ಮೇಲೆ ಗಡಿಗೆಗೆ ಮುಚ್ಚಳವಿಟ್ಟಂತೆ ದಟ್ಟವಾದ ಜೇಡಿ ಪದರ. ಇಂಗಾಲದ ಡೈ ಆಕ್ಸೈಡ್ ಈ ಪದರಕ್ಕೆ ಇಳಿಯುತ್ತದೆ. ಅದು ಎಲ್ಲಿಗೆ ಹರಡುತ್ತಿದೆ, ಸೋರುತ್ತಿದೆಯೆ ಎಂದು ತಿಳಿಯಲು ಶಬ್ದದ ಅಲೆಗಳನ್ನು ಕಳುಹಿಸಿ ಪ್ರತಿಧ್ವನಿಯಿಂದ ಚಿತ್ರ ತೆಗೆಯುತ್ತಾರೆ, ವೈದ್ಯರು ಸ್ಕ್ಯಾನ್ ಮಾಡಿದಂತೆ. ತುಂಬುವ ಮೊದಲು 1994ರಲ್ಲಿ ಒಂದು ಚಿತ್ರ ತೆಗೆದಿದ್ದರು. 1999ರಿಂದೀಚೆಗೆ ಮತ್ತೆ ಮತ್ತೆ ತೆಗೆದು ಹೋಲಿಸಿದ್ದಾರೆ. ಮುಚ್ಚಳ ಗಟ್ಟಿಯಾಗಿ ನಿಂತಿದೆ. ಹವಾಮಾನದ ಕಾರಣಕ್ಕಾಗಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಇಂಗಾಲವನ್ನು ಹೂತಿಟ್ಟದ್ದು ಜಗತ್ತಿನಲ್ಲಿ ಅದೇ ಮೊದಲು.

ಎಲ್ಲ ಕಡೆ ಇಷ್ಟು ಸಲೀಸಾಗಲಿಲ್ಲ. ಉತ್ತರ ಧ್ರುವ ಪ್ರದೇಶದ ಸ್ನೋವಿಟ್ ಕ್ಷೇತ್ರದಲ್ಲಿ 2008ರಲ್ಲಿ ಇದೇ ಉಪಾಯ ಹೂಡಿದಾಗ ಒಳಗಿನ ಒತ್ತಡ ನಿರೀಕ್ಷೆಗಿಂತ ಬೇಗ ಏರಿತು. 2011ರಲ್ಲಿ ಬೇರೊಂದು ಪದರಕ್ಕೆ ಬದಲಾಯಿಸಬೇಕಾಯಿತು. ಕಾನೂನು ಮನುಷ್ಯರ ಮೇಲೆ ನಡೆಯುತ್ತದೆ, ಕಲ್ಲಿನ ಮೇಲಲ್ಲ. ಪ್ರತಿ ಪದರದ ಸ್ವಭಾವವನ್ನೂ ಬೇರೆಯಾಗಿಯೇ ಅರಿಯಬೇಕು.

ದಡದಿಂದ ಬಂದ ತಂತಿ

ಇನ್ನು ಟರ್ಬೈನಿನ ಹೊಗೆ. ನಾರ್ವೆಯ ತೈಲ ಕ್ಷೇತ್ರಗಳಿಂದ ಏಳುವ ಇಂಗಾಲದ ಡೈ ಆಕ್ಸೈಡಿನಲ್ಲಿ ಸಿಂಹಪಾಲು ಇದರದ್ದೇ. ತೆರಿಗೆ ಬಂದಮೇಲೆ ಎಂಜಿನಿಯರುಗಳು ಒಂದೊಂದು ಟರ್ಬೈನನ್ನೂ ಅನುಮಾನದಿಂದ ನೋಡತೊಡಗಿದರು. ಓಸೆಬರ್ಗ್, ಸ್ನೋರೆ, ಎಲ್ಡ್‌ಫಿಸ್ಕ್ ಕ್ಷೇತ್ರಗಳಲ್ಲಿ ಟರ್ಬೈನಿನಿಂದ ಹೊರಹೋಗುವ ಬಿಸಿಯಲ್ಲೇ ಹಬೆ ಎಬ್ಬಿಸಿ ಇನ್ನಷ್ಟು ವಿದ್ಯುತ್ ತೆಗೆದರು. ಅದಕ್ಕಿಂತ ದಿಟ್ಟವಾದ ಯೋಚನೆ ಟರ್ಬೈನನ್ನೇ ಕೈಬಿಡುವುದು. ಸಮುದ್ರತಳದಲ್ಲಿ ತಂತಿ ಎಳೆದು ದಡದಿಂದಲೇ ವಿದ್ಯುತ್ ತಂದರೆ ಹೇಗೆ? 1996ರಲ್ಲಿ ಟ್ರೋಲ್ ಕ್ಷೇತ್ರದಲ್ಲಿ ಹಾಗೆಯೇ ಮಾಡಿದರು. 472 ಮೀಟರ್ ಎತ್ತರದ ಆ ಕಾಂಕ್ರೀಟ್ ಅಟ್ಟವನ್ನು ಹಿಂದಿನ ವರ್ಷವಷ್ಟೇ ಕಡಲಿಗೆ ಎಳೆದೊಯ್ದಿದ್ದರು. ಮನುಷ್ಯ ಈವರೆಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ ಅತಿ ಎತ್ತರದ ನಿರ್ಮಾಣ ಅದು.

ನಾರ್ವೆಯ ವಿದ್ಯುತ್ತಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಜಲವಿದ್ಯುತ್. ನೂರು ವರ್ಷದ ಹಿಂದೆ ಕಾನೂನು ಮಾಡಿ ಉಳಿಸಿಕೊಂಡ ಜಲಪಾತಗಳು ಹೀಗೆ ಎಣ್ಣೆ ಬಾವಿಯ ನೆರವಿಗೆ ಬಂದವು. 2019ರ ಅಕ್ಟೋಬರ್‌ನಲ್ಲಿ ಆರಂಭವಾದ ಯೂಹಾನ್ ಸ್ವೆರ್ಡ್ರುಪ್ ಎಂಬ ದೊಡ್ಡ ಕ್ಷೇತ್ರ ಮೊದಲ ದಿನದಿಂದಲೂ ದಡದ ವಿದ್ಯುತ್ತಿನಿಂದಲೇ ನಡೆಯುತ್ತಿದೆ. ಸ್ಟಾಟ್‌ಆಯಿಲ್ 2018ರಿಂದ ಎಕ್ವಿನೋರ್ ಎಂದು ಹೆಸರು ಬದಲಿಸಿಕೊಂಡಿದೆ. ಅದರ ಲೆಕ್ಕದಂತೆ ಈ ಕ್ಷೇತ್ರದಲ್ಲಿ ಒಂದು ಪೀಪಾಯಿ ತೈಲ ಎತ್ತಲು ಹೊರಡುವ ಇಂಗಾಲದ ಡೈ ಆಕ್ಸೈಡ್ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಜಾಗತಿಕ ಸರಾಸರಿ ಸುಮಾರು 15 ಕಿಲೋಗ್ರಾಂ. 2023ರಲ್ಲಿ ಉದ್ಘಾಟನೆಯಾದ ಹೈವಿಂಡ್ ಟಂಪೆನ್‌ನಲ್ಲಿ ತೇಲುವ ಹನ್ನೊಂದು ಗಾಳಿಯಂತ್ರಗಳು 88 ಮೆಗಾವಾಟ್ ಸಾಮರ್ಥ್ಯದೊಂದಿಗೆ ಸ್ನೋರೆ ಮತ್ತು ಗುಲ್‌ಫಾಕ್ಸ್ ಕ್ಷೇತ್ರಗಳಿಗೆ ವಿದ್ಯುತ್ ಕೊಡುತ್ತಿವೆ.

ಇದೆಲ್ಲ ಒಂದೇ ಬಾರಿಯ ತೆರಿಗೆಯಿಂದ ಆದದ್ದಲ್ಲ. 2008ರಿಂದ ನಾರ್ವೆಯ ಕಂಪನಿಗಳು ಐರೋಪ್ಯ ಒಕ್ಕೂಟದ ಇಂಗಾಲ ಮಾರುಕಟ್ಟೆಗೂ ಸೇರಿದವು. ತೆರಿಗೆ ಕಟ್ಟಬೇಕು, ಜೊತೆಗೆ ಹೊಗೆಯ ಪರವಾನಗಿಯನ್ನೂ ಕೊಳ್ಳಬೇಕು. ಎರಡೂ ಸೇರಿ 2023ರ ಹೊತ್ತಿಗೆ ಟನ್ನಿಗೆ 1,500 ಕ್ರೋನರಿಗೂ ಹೆಚ್ಚಾಗಿತ್ತು. 2030ಕ್ಕೆ ಅದನ್ನು 2,000 ಕ್ರೋನರಿಗೆ ಏರಿಸುವುದಾಗಿ ಸರ್ಕಾರ 2021ರಲ್ಲೇ ಹೇಳಿಟ್ಟಿತು. ಮೂವತ್ತು ವರ್ಷ ಬಾಳುವ ಅಟ್ಟ ಕಟ್ಟುವವನಿಗೆ ಮುಂದಿನ ದರ ಇಂದೇ ಗೊತ್ತಿದ್ದರೆ ಅವನು ನಕ್ಷೆಯಲ್ಲೇ ತಿದ್ದಿಕೊಳ್ಳುತ್ತಾನೆ. ಇನ್ನೊಂದು ಸೂಕ್ಷ್ಮವೂ ಇದೆ. ಅಲ್ಲಿ ತೈಲದ ಲಾಭದ ಮೇಲಿನ ತೆರಿಗೆ ನೂರಕ್ಕೆ 78. ಶುದ್ಧೀಕರಣಕ್ಕೆ ಮಾಡಿದ ವೆಚ್ಚವನ್ನು ಲಾಭದಿಂದ ಕಳೆಯಬಹುದಾದ್ದರಿಂದ ಅದರ ದೊಡ್ಡ ಪಾಲನ್ನು ಸರ್ಕಾರವೇ ಹೊತ್ತಂತಾಗುತ್ತದೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ.

ತೊಳೆದ ಬಾವಿ, ಉರಿಯುವ ಎಣ್ಣೆ

ಮಿತ್ರರೆ, ಇಲ್ಲಿಗೆ ನಿಲ್ಲಿಸಿದರೆ ಇದೊಂದು ನೀತಿಕಥೆಯಾಗಿಬಿಡುತ್ತದೆ. ಆದರೆ ಮುಖ್ಯವಾದ ಪ್ರಶ್ನೆಗಳು ಈಗ ಶುರುವಾಗುತ್ತವೆ.

ಒಂದು ಪೀಪಾಯಿ ತೈಲವನ್ನು ಎತ್ತುವಾಗ 15 ಕಿಲೋಗ್ರಾಂ ಬದಲು ಒಂದೇ ಕಿಲೋಗ್ರಾಂ ಹೊಗೆ ಬಂದಿತೆಂದು ಇಟ್ಟುಕೊಳ್ಳಿ. ಸಂತೋಷ. ಆದರೆ ಅದೇ ಪೀಪಾಯಿಯನ್ನು ನಾವು ನೀವು ವಾಹನದಲ್ಲಿ, ವಿಮಾನದಲ್ಲಿ ಸುಟ್ಟಾಗ ಬರುವುದು 400 ಕಿಲೋಗ್ರಾಮಿಗೂ ಹೆಚ್ಚು. ಆ ಹೊಗೆ ನಾರ್ವೆಯ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಸುಟ್ಟ ದೇಶದ ಲೆಕ್ಕಕ್ಕೆ ಹೋಗುತ್ತದೆ. ಅಡುಗೆಮನೆಯನ್ನು ಫಳಫಳ ತೊಳೆದ ಮಾತ್ರಕ್ಕೆ ಕರಿದ ತಿಂಡಿ ಪಥ್ಯವಾಗುವುದಿಲ್ಲ.

ನಾರ್ವೆಯ ಒಳಗಿನ ಲೆಕ್ಕವೂ ಅಷ್ಟೇನೂ ಹೆಮ್ಮೆಯದಲ್ಲ. 1989ರಲ್ಲಿ ಆ ದೇಶ, 2000ದ ಹೊತ್ತಿಗೆ ತನ್ನ ಇಂಗಾಲದ ಡೈ ಆಕ್ಸೈಡನ್ನು ಅದೇ ಮಟ್ಟದಲ್ಲಿ ನಿಲ್ಲಿಸುವುದಾಗಿ ಪಣ ತೊಟ್ಟಿತು. ಆ ಪಣ ಈಡೇರಲಿಲ್ಲ. ಪ್ರತಿ ಪೀಪಾಯಿಯ ಹೊಗೆ ಕಡಿಮೆಯಾಯಿತು ನಿಜ. ಆದರೆ ಒಟ್ಟು ಉತ್ಪಾದನೆ ಬೆಳೆಯಿತು. 2023ರಲ್ಲೂ ತೈಲ-ಅನಿಲ ಕ್ಷೇತ್ರದ ಒಟ್ಟು ಹೊಗೆ 1990ರ ಮಟ್ಟಕ್ಕಿಂತ ಹೆಚ್ಚೇ ಇತ್ತು. 2007ರಲ್ಲಿ ಆಗಿನ ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್ ಅವರು ಮೊಂಗ್‌ಸ್ಟಾಡ್‌ನಲ್ಲಿ ಇಂಗಾಲ ಹಿಡಿಯುವ ದೊಡ್ಡ ಕಾರ್ಖಾನೆ ಕಟ್ಟುವುದನ್ನು ಚಂದ್ರನ ಮೇಲೆ ಇಳಿದ ಸಾಹಸಕ್ಕೆ ಹೋಲಿಸಿದ್ದರು. 2013ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಪ್ರಯೋಗಾಲಯ ಮಾತ್ರ ಉಳಿಯಿತು.

ಮೂರನೆಯದಾಗಿ, ದಡದ ವಿದ್ಯುತ್ತು ಬಿಟ್ಟಿಯಲ್ಲ. ಅದನ್ನು ಅಟ್ಟಕ್ಕೆ ಕಳುಹಿಸಿದರೆ ಊರಿನವರ ಪಾಲು ಕಡಿಮೆಯಾಗುತ್ತದೆ, ಬಿಲ್ಲು ಏರುತ್ತದೆ ಎಂಬ ವಾದ ಅಲ್ಲಿ ಜೋರಾಗಿದೆ. ಮೆಲ್ಕೋಯಾ ದ್ವೀಪದ ಅನಿಲ ಘಟಕಕ್ಕೆ ದಡದ ವಿದ್ಯುತ್ ಕೊಡಲು ಸರ್ಕಾರ 2023ರ ಆಗಸ್ಟಿನಲ್ಲಿ ಒಪ್ಪಿದಾಗ, ಉತ್ತರದ ಸಾಮಿ ಜನಾಂಗದ ಹಿಮಸಾರಂಗ ಸಾಕುವವರು ವಿರೋಧಿಸಿದರು. ವಿದ್ಯುತ್ ಮಾರ್ಗ, ಗಾಳಿಯಂತ್ರ ಎಂದು ಬರುವುದೆಲ್ಲ ತಮ್ಮ ಗೋಮಾಳದ ಮೇಲೆಯೇ ಎಂಬುದು ಅವರ ಸಂಕಟ. ಶರಾವತಿಯಲ್ಲಿ ಊರು ಮುಳುಗಿಸಿಕೊಂಡು ನಾಡಿಗೆ ಬೆಳಕು ಕೊಟ್ಟವರ ನೋವನ್ನು ಕಂಡ ನಮಗೆ ಈ ಸಂಕಟ ಅರ್ಥವಾಗದೆ ಇರದು.

ಹಾಗಾದರೆ ಇದೆಲ್ಲ ನಿರರ್ಥಕವೆ? ನನಗೆ ಹಾಗೆ ಅನ್ನಿಸುವುದಿಲ್ಲ. ಇವತ್ತಲ್ಲ ನಾಳೆ ಜಗತ್ತು ಎಣ್ಣೆಯ ಚಟ ಬಿಡಬೇಕು ಎನ್ನುವುದು ಸರಿ. ಬಿಡುವವರೆಗೆ ಎತ್ತುವ ಎಣ್ಣೆಯನ್ನು ಕೊಳಕಾಗಿ ಎತ್ತಬೇಕಾಗಿಲ್ಲ ಎನ್ನುವುದೂ ಅಷ್ಟೇ ಸರಿ. ಸ್ಲೈಪ್ನರ್‌ನಲ್ಲಿ ಕಲಿತ ವಿದ್ಯೆ ಎಣ್ಣೆಗಷ್ಟೇ ಸೀಮಿತವಾಗಿಯೂ ಉಳಿಯಲಿಲ್ಲ. 2025ರಲ್ಲಿ ನಾರ್ವೆಯ ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆಯಿಂದ ಹಿಡಿದ ಇಂಗಾಲದ ಡೈ ಆಕ್ಸೈಡನ್ನು ಹಡಗಿನಲ್ಲಿ ತಂದು, ಸಮುದ್ರತಳದಿಂದ ಸುಮಾರು 2,600 ಮೀಟರ್ ಆಳಕ್ಕೆ ಇಳಿಸಲು ಆರಂಭಿಸಿದರು. ಸುಣ್ಣಕಲ್ಲನ್ನು ಸುಡದೆ ಸಿಮೆಂಟಿಲ್ಲ, ಸುಟ್ಟರೆ ಕಲ್ಲಿನೊಳಗಿನ ಇಂಗಾಲ ಹೊರಬರದೆ ಬಿಡದು. ಅಂಥ ಉದ್ಯಮಕ್ಕೆ ಈ ವಿದ್ಯೆ ಬೇಕೇ ಬೇಕು.

ನಮಗೆ ಸಂಬಂಧವಿದೆಯೆ?

ಇದು ನಮಗೆ ದೂರದ ಮಾತೆಂದು ತಿಳಿಯುವಂತಿಲ್ಲ. ಭಾರತ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ನಮ್ಮ ಮಂಗಳೂರಿನ ಸಂಸ್ಕರಣಾಗಾರಕ್ಕೂ ಹಡಗಿನಲ್ಲಿ ಬರುವ ಎಣ್ಣೆಯೇ ಮುಖ್ಯ ಆಧಾರ. ಆ ಪೀಪಾಯಿಗಳಲ್ಲಿ ಯಾವುದು ಅನಿಲ ಸುಟ್ಟು ಎತ್ತಿದ್ದು, ಯಾವುದು ಉಳಿಸಿ ಎತ್ತಿದ್ದು ಎಂದು ನಾವು ಕೇಳುವುದಿಲ್ಲ. ಅಗ್ಗವೆ ಎಂದಷ್ಟೇ ಕೇಳುತ್ತೇವೆ. ಬಡದೇಶಕ್ಕೆ ಅಗ್ಗವೂ ಮುಖ್ಯ, ತಪ್ಪೇನಿಲ್ಲ. ಆದರೆ ಕೇಳುವ ಕಾಲ ಬರುತ್ತಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ಮಿಥೇನ್ ಸೋರಿಕೆಯ ಕುರಿತು ಮಾಡಿದ ನಿಯಮದಲ್ಲಿ ಆಮದಾಗುವ ತೈಲ ಮತ್ತು ಅನಿಲಕ್ಕೂ ಷರತ್ತುಗಳನ್ನು ಸೇರಿಸಿತು. ಭಾರತವೂ 2023ರಲ್ಲಿ ಇಂಗಾಲ ಕ್ರೆಡಿಟ್ಟುಗಳ ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. ಹೊಗೆಗೆ ಬೆಲೆ ಕಟ್ಟುವ ಕೆಲಸ ನಮ್ಮ ಬಾಗಿಲಿಗೂ ಬಂದಿದೆ.

ಬೆಲೆ ಕಟ್ಟುವಾಗ ಈ ಎರಡು ದೇಶಗಳ ಅನುಭವ ನೆನಪಿನಲ್ಲಿರಬೇಕು. ದಂಡ ರಿಪೇರಿಗಿಂತ ಅಗ್ಗವಾಗಿದ್ದರೆ ಕಂಪನಿ ದಂಡವನ್ನೇ ಕಟ್ಟುತ್ತದೆ. ಅಳೆಯುವವನು ಕಂಪನಿಯ ಅಡಿಯಾಳಾಗಿದ್ದರೆ ಅಳತೆ ಸುಳ್ಳಾಗುತ್ತದೆ. ಗಡುವನ್ನು ಒಮ್ಮೆ ಮುಂದೂಡಿದರೆ ಮುಂದಿನ ಗಡುವನ್ನು ಯಾರೂ ನಂಬುವುದಿಲ್ಲ. ದರ ಸಾಕಷ್ಟಿದ್ದು, ಮುಂದೆ ಏರುತ್ತದೆಂಬ ಖಾತ್ರಿಯಿದ್ದು, ವಸೂಲಿ ಕಟ್ಟುನಿಟ್ಟಾಗಿದ್ದರೆ, ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ತಂತ್ರಜ್ಞಾನ ತಾನಾಗಿ ಹೊರಬರುತ್ತದೆ. ಇಂಗಾಲವನ್ನು ಹೂತಿಡುವ ಕೆಲಸಕ್ಕೆ ಅಮೈನ್ ವಿಧಾನ ಅರವತ್ತು ವರ್ಷ ಹೀಗೆಯೇ ಕಾದು ಕೂತಿತ್ತು.

ಕಂಪನಿಗಳಿಗೆ ಆತ್ಮಸಾಕ್ಷಿ ಇರಬೇಕೆಂದು ನಾವು ಬಯಸಬಹುದು, ಬಯಸೋಣ. ಆದರೆ ಸ್ಲೈಪ್ನರ್‌ನ ಕೆಳಗಿನ ಮರಳುಗಲ್ಲಿಗೆ ಇಂಗಾಲವನ್ನು ಇಳಿಸಿದ್ದು ಆತ್ಮಸಾಕ್ಷಿಯಲ್ಲ, ದಿನಕ್ಕೆ ಹತ್ತು ಲಕ್ಷ ಕ್ರೋನರಿನ ಲೆಕ್ಕ. ಆ ಲೆಕ್ಕವನ್ನು ಬರೆದಿಟ್ಟದ್ದು ಜನ ಆರಿಸಿ ಕಳುಹಿಸಿದ ಸಂಸತ್ತು. ನೈಜರ್ ನದಿಯ ದಡದಲ್ಲಿ ರಾತ್ರಿಯ ಕತ್ತಲೆಯನ್ನೇ ಕಾಣದೆ ಬೆಳೆದ ಮಕ್ಕಳಿಗೂ ಕಾಗದದ ಮೇಲೆ ಕಾಯಿದೆ ಇತ್ತು. ಅವರಿಗೆ ಇಲ್ಲದೆ ಹೋದದ್ದು ಆ ಕಾಯಿದೆಯ ಹಿಂದಿನ ಲೆಕ್ಕ ಮತ್ತು ಅದನ್ನು ವಸೂಲಿ ಮಾಡುವ ಸರ್ಕಾರ.